ಮೂರನೇ ತರಗತಿಯ ಅಂಸ

ವಿಜಯನಗರ, ೧೯೮೬

ಚೆಲುವಾಂಬ ಅವರೇ,

ರಂಗದ ಮೇಲಾಗಿದ್ದರೆ "ಹೇ ಚೆಲುವಾಂಬೇ, ಎಲ್ಲಿರುವೆ!" ಎಂದು ಪಕ್ಕದ ಮಾರೇನಹಳ್ಳಿಗೇ ಕೇಳುವಂತೆ ಕೂಗುತ್ತಿದ್ದೆ. ಕಾಗದದಲ್ಲಿ ಕೂಗುವುದು ಹೇಗೆ? ಮದುವೆಯಾಗಿ ಹೋದವರಿಗೆ ಇದನ್ನು ಕಳಿಸುವಂತೆಯೂ ಇಲ್ಲ.

ಇವತ್ತು ನನ್ನ ಕೊನೆಯ ಅಭ್ಯಾಸ ಪಾಠ. ಟಿಸಿಎಚ್ ತರಬೇತಿಯನ್ನು ಅರ್ಧಕ್ಕೆ ಬಿಡುವ ಮುನ್ನ ನೀವು ಪಾಠ ಮಾಡಿದಿರಲ್ಲ, ಅದೇ ಮೂರನೇ ತರಗತಿ! ಅಂಕ ಹಾಕಲು ಹಿಂದಿನ ಬೆಂಚಿನಲ್ಲಿ ನಮ್ಮ ಉಗ್ರಪ್ಪ ಮೇಷ್ಟ್ರು. ನಾನು ಚಿತ್ರಪಟ ಬಿಚ್ಚಿ ಭೀಮಸೇನನಂತೆ ಗರ್ಜಿಸಿದೆ: "ಈ ಬಿಳಿಯ ಪಕ್ಷಿ ಯಾವುದು?"

"ಅಂಸ, ಸಾರ್!" ಎಂದಿತು ಇಡೀ ತರಗತಿ.

ಮೇಷ್ಟ್ರು ಎದ್ದೇಬಿಟ್ಟರು. "ಹಕಾರ ನುಂಗೋದು ಯಾರ್ರೋ ಕಲಿಸಿದ್ದು ನಿಮಗೆ?"

"ಚೆಲುವಾ ಮಿಸ್ಸು, ಸಾರ್!"

"ಸರಿಹೋಯ್ತು! ಮೊದಲು ಅದನ್ನ ತಿದ್ದಯ್ಯಾ, ನಾಟಕದ ರಾಜ. ಉಚ್ಚಾರಣೆಗೂ ಅಂಕ ಇದೆ."

ಹಾಲಿಗೆ ಆಲು, ಹೂವಿಗೆ ಊವು ಎನ್ನುವ ನಿಮ್ಮ ಮಂಡ್ಯದ ನಾಲಿಗೆ ಆ ಮಕ್ಕಳ ಬಾಯಲ್ಲಿ ಇನ್ನೂ ಇತ್ತು. ಹಕಾರವನ್ನು ಹೊಕ್ಕುಳಿನಿಂದ ಎತ್ತಿ ನುಡಿಯಲು ಕಲಿತವನು ನಾನು. ಒಮ್ಮೆ 'ಹಂಸ' ಎಂದಿದ್ದರೆ ಸಾಕಿತ್ತು, ಜಾಣ ಮಕ್ಕಳು ಕಲಿತೇಬಿಡುತ್ತಿದ್ದರು.

ಮೇಷ್ಟ್ರು ಕಾಯುತ್ತಿದ್ದರು. ನಾನು ಮಕ್ಕಳ ಕಡೆ ತಿರುಗಿ ಮೆಲ್ಲಗೆ ಕೇಳಿದೆ:

"ಇನ್ನೊಂದ್ಸಲ ಹೇಳ್ರಪ್ಪಾ."