ಬಾಗಿಲ ಮುಂದಿನ ತಂಬಾಕು

ನಿಪ್ಪಾಣಿ
೯-೧-೧೯೮೮, ಶನಿವಾರ

ಪ್ರೀತಿಯ ಅವ್ವನಿಗೆ,

ನಿನ್ನ ನೀಲಾ ಕಾಲಿಗೆ ಬಿದ್ದು ಮಾಡುವ ನಮಸ್ಕಾರ. ಈ ಪತ್ರವನ್ನು ನಿನಗೆ ಓದಿ ಹೇಳುತ್ತಿರುವ ಮುರಗೆಪ್ಪ ಕಾಕಾನಿಗೂ ನಮಸ್ಕಾರ. ಇಲ್ಲಿ ಎಲ್ಲರೂ ಆರಾಮ ಇದ್ದೇವೆ ಎಂದು ಬರೆಯುವುದು ರೂಢಿ. ಈ ಸಲ ರೂಢಿಗೆಂದು ಬರೆಯುತ್ತಿಲ್ಲ, ಖರೆ ಆರಾಮ ಇದ್ದೇನೆ. ಕಾಕಾ, ಈ ಸಾಲನ್ನು ಅವ್ವನಿಗೆ ಎರಡು ಸಲ ಓದಿರಿ.

ಭೀಮಸಿ ಅಣ್ಣನ ಕಾರ್ಡು ಮೊನ್ನೆ ಬಂತು. ಅವನು ಇಲ್ಲಿಗೆ ಬಂದು ಕಣ್ಣಾರೆ ನೋಡಿ ಹೋಗಿ ಹೇಳಿದರೂ ನೀನು ನಂಬಲೊಲ್ಲೆಯಂತೆ. ಬೀಗರ ಮನೆಯಲ್ಲಿ ಹೋಳಿಗೆ ಉಂಡು ಬಂದವನ ಮಾತು ಏನು ನಂಬುವುದು ಎಂದೆಯಂತೆ. ಸಂಕ್ರಾಂತಿ ಮುಗಿದ ಮಾರನೆಯ ದಿನ ಓಣಿಯ ಹಿರಿಯರನ್ನು ಜೀಪಿನಲ್ಲಿ ಕೂಡ್ರಿಸಿಕೊಂಡು ಬಂದು ನನ್ನನ್ನು ಅಥಣಿಗೆ ಕರೆದುಕೊಂಡು ಹೋಗುವವಳಿದ್ದೀಯಂತೆ. ಅವ್ವ, ಹಿರಿಯರು ಬಂದು ಈ ಮನೆಯ ಕಟ್ಟೆಯ ಮೇಲೆ ಕುಳಿತರೆ ನಾನು ಮತ್ತೆ ಅತ್ತೆಯವರ ಮುಖ ನೋಡುವುದು ಹೇಗೆ? ಅದಕ್ಕೇ ಮೊದಲಿನಿಂದ ಎಲ್ಲವನ್ನೂ ಬರೆಯುತ್ತಿದ್ದೇನೆ. ಕಾಕಾ, ನಿಮ್ಮ ಕನ್ನಡಕ ಈಗಲೇ ಒರೆಸಿಕೊಳ್ಳಿರಿ. ನಡುವೆ ಕಣ್ಣೀರು ಬಂದರೂ ನಿಲ್ಲಿಸಬೇಡಿರಿ. ಹೋದ ಸಲ ನೀವು ನಡುವೆ ನಿಲ್ಲಿಸಿದ್ದರಿಂದಲೇ ಇಷ್ಟೆಲ್ಲ ಆಯಿತು.

ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಮನೆಯಲ್ಲಿ ಮಾತೇ ಬರುತ್ತಿರಲಿಲ್ಲ. ನನ್ನ ನಾಚಿಕೆ ನಿನಗೆ ಗೊತ್ತೇ ಇದೆ. ಅತ್ತೆಯವರು ಏನು ಕೇಳಿದರೂ ತಲೆ ಅಲ್ಲಾಡಿಸುತ್ತಿದ್ದೆ. ಅವರ ಕಣ್ಣಿಗೆ ಪೊರೆ ಬಂದಿರುವುದರಿಂದ ನಾನು ತಲೆ ಅಲ್ಲಾಡಿಸಿದ್ದು ಹೌದೆಂದೋ ಇಲ್ಲವೆಂದೋ ಅವರಿಗೆ ತಿಳಿಯುತ್ತಿರಲಿಲ್ಲ. ಚಹಾ ಬೇಕೇನು ಎಂದು ಕೇಳಿ, ಉತ್ತರ ಕಾಣದೆ, ತಾವೇ ಎರಡು ಕಪ್ಪು ಮಾಡಿ ಒಂದನ್ನು ನನ್ನ ಮುಂದೆ ಇಟ್ಟುಬಿಡುತ್ತಿದ್ದರು. ಕಸ್ತೂರೆವ್ವನ ಸೊಸೆ ಬಿ.ಎ. ಓದಿದ್ದಾಳೆ, ಆದರೆ ಮೂಕಿ ಎಂದು ಓಣಿಯಲ್ಲಿ ಮಾತಾಗಿತ್ತು.

ನಿನ್ನ ಅಳಿಯ ಒಂದು ದಿನ, ನಿನಗೇನಾದರೂ ಬೇಕಿದ್ದರೆ ಹೇಳು, ತಂಬಾಕಿನ ಕೆಲಸಕ್ಕೆ ಕೊಲ್ಹಾಪುರಕ್ಕೆ ಹೊರಟಿದ್ದೇನೆ ಎಂದರು. ಸೀರೆ ಕೇಳಬಹುದಿತ್ತು. ನನ್ನ ಬಾಯಿಂದ ಬಂದದ್ದು ಪಿಟೂನಿಯಾ ಬೀಜ. ಧಾರವಾಡದಲ್ಲಿ ನಮ್ಮ ಹಾಸ್ಟೆಲಿನ ಮುಂದೆ ಈ ಹೂವುಗಳಿದ್ದವು. ಹಳೆಯ ಗ್ರಾಮೋಫೋನಿನ ಕೊಳವೆ ನೋಡಿದ್ದೀಯಲ್ಲ, ಅದೇ ಆಕಾರ, ಆದರೆ ಅಂಗೈಯಲ್ಲಿ ಹಿಡಿಸುವಷ್ಟು. ನೇರಳೆ, ಬಿಳಿ, ಗುಲಾಬಿ. ಪರೀಕ್ಷೆಗೆ ಓದುವಾಗ ಕಿಟಕಿಯಿಂದ ಅವನ್ನೇ ನೋಡುತ್ತಿದ್ದೆ. ನನಗೆ ಮಾರ್ಕು ಕಡಿಮೆ ಬಂದದ್ದು ಯಾಕೆಂದು ಈಗ ಗೊತ್ತಾಯಿತಲ್ಲ.

ಬೀಜದ ಪೊಟ್ಟಣ ಬಂತು. ಅವ್ವ, ಆ ಬೀಜ ಎಷ್ಟು ಸಣ್ಣವೆಂದರೆ ಪೊಟ್ಟಣ ಬಿಚ್ಚಿದಾಗ ಒಂದು ಸೀನು ಬಂದರೆ ಬೆಳೆಯೆಲ್ಲ ಅಲ್ಲಿಗೇ ಮುಗಿಯಿತು. ದಸರೆ ಮುಗಿದ ಮೇಲೆ ಅವನ್ನು ಸೋಸಿದ ಉಸುಕಿನಲ್ಲಿ ಕಲಸಿ ಹಿತ್ತಲಲ್ಲಿ ಒಂದು ಹರಕು ಬುಟ್ಟಿಯ ಮಣ್ಣಿನ ಮೇಲೆ ಉದುರಿಸಿದೆ. ಮೇಲೆ ಮಣ್ಣು ಮುಚ್ಚಬಾರದು, ಬೆಳಕು ಬೇಕು. ಹಸಿ ಗೋಣಿ ತಟ್ಟನ್ನು ಕೋಲಿನ ಮೇಲೆ ಎತ್ತರಿಸಿ ಹೊದಿಸಿದೆ. ಕಸಬರಿಗೆಯ ಒಂದು ಹಿಡಿ ಕಡ್ಡಿಯನ್ನು ನೀರಲ್ಲಿ ಅದ್ದಿ ಚಿಮುಕಿಸುತ್ತಿದ್ದೆ. ಒಂದು ವಾರ ಕಳೆಯಿತು, ಏನೂ ಇಲ್ಲ. ಆಮೇಲೆ ಒಂದು ಮುಂಜಾನೆ ಮಣ್ಣಿನ ಮೇಲೆ ಹಸಿರು ಪಾಚಿ ಕಟ್ಟಿದಂತೆ ಕಂಡಿತು. ಬಗ್ಗಿ ನೋಡಿದರೆ ಅದು ಪಾಚಿಯಲ್ಲ, ಗುಂಡುಸೂಜಿಯ ತಲೆಯಷ್ಟು ಎಲೆಗಳು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿಗೂ ಹೇಳಲಿಲ್ಲ. ಹೂವು ಬಿಟ್ಟ ಮೇಲೆ ಎಲ್ಲರಿಗೂ ತೋರಿಸುವೆನೆಂದು ಸುಮ್ಮನಾದೆ. ಸಸಿ ನಾಲ್ಕೆಲೆ ಆದಾಗ ಎಣ್ಣೆಯ ತಗಡಿನ ಡಬ್ಬಿಗಳನ್ನು ಅರ್ಧಕ್ಕೆ ಕತ್ತರಿಸಿ, ಕೆಳಗೆ ತೂತು ಮಾಡಿ, ಬಾಗಿಲ ಮುಂದಿನ ಕಟ್ಟೆಗೆ ಸಾಲಾಗಿ ಇಟ್ಟು ಅದರಲ್ಲಿ ನೆಟ್ಟೆ.

ಒಂದು ದಿನ ಅತ್ತೆಯವರು ಕಟ್ಟೆಯ ಮೇಲೆ ಕುಳಿತವರು ಕೈಗೆ ತಾಗಿದ ಎಲೆಯೊಂದನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದರು. ಪಿಟೂನಿಯಾ ಎಲೆ ಮುಟ್ಟಿದರೆ ಅಂಟಂಟು, ಮೇಲೆ ಸಣ್ಣ ರೋಮ. ತಂಬಾಕಿನ ಎಲೆಯೂ ಹಾಗೆಯೇ. ಅತ್ತೆಯವರು ಹುಟ್ಟಿದ್ದೇ ಬೇಡಕಿಹಾಳದ ತಂಬಾಕಿನ ಹೊಲದ ಬದಿಯಲ್ಲಿ ಎನ್ನಬೇಕು. ಬೆರಳು ಮೂಸಿದರು, ಇನ್ನೊಂದು ಎಲೆ ತಿಕ್ಕಿದರು. ಆಮೇಲೆ ಅವರ ಮುಖ ನೋಡಬೇಕಿತ್ತು ನೀನು. ನಮ್ಮ ಸೊಸಿ ಬಾಗಲ ಮುಂದ ತಂಬಾಕ ಹಚ್ಯಾಳ, ಮನಿ ಕಸಬು ಕಲಿಯಾಕತ್ತಾಳ ಎಂದು ಓಣಿಗೆಲ್ಲ ಹೇಳಿ ಬಂದರು. ಎಲೆ ಇಷ್ಟು ಸಣ್ಣದೇಕೆ ಎಂದು ಪಕ್ಕದ ಮನೆಯ ರುಕ್ಮವ್ವ ಕೇಳಿದ್ದಕ್ಕೆ, ಕೊಲ್ಹಾಪುರದ ಹೊಸ ಜಾತಿ ಎಂದರು. ನಿನ್ನ ಅಳಿಯನಿಗೆ ಖರೆ ಗೊತ್ತಿತ್ತು. ನೀನೇ ಹೇಳು, ನಿನಗೂ ಬಾಯಿ ಇದೆಯಲ್ಲ ಎಂದು ನನಗೆ ಹೇಳಿ, ನಗುತ್ತಾ ತಂಬಾಕು ತುಂಬಿಡುವ ವಖಾರಿಗೆ ಹೋದರು. ನಾನು ಹೇಗೆ ಹೇಳಲಿ? ಈ ಮನೆಗೆ ಬಂದ ಮೇಲೆ ಅತ್ತೆಯವರಿಗೆ ನನ್ನಿಂದ ಆದ ಮೊದಲ ಖುಷಿ ಅದು.

ತಂಬಾಕಿಗೆ ಒಂದು ಕೆಲಸವಿದೆ, ಅವ್ವ. ಗಿಡ ಹೂವಿಗೆ ಬರುವ ಮೊದಲು ನೆತ್ತಿಯ ಕುಡಿಯನ್ನು ಉಗುರಿನಿಂದ ಚಿವುಟಿ ತೆಗೆಯುತ್ತಾರೆ. ಇಲ್ಲದಿದ್ದರೆ ಗಿಡದ ಸತ್ವವೆಲ್ಲ ಹೂವಿಗೆ ಹೋಗಿ ಎಲೆ ಸೊರಗುತ್ತದೆ. ನನ್ನ ಗಿಡಗಳಲ್ಲಿ ಮೊದಲ ಮೊಗ್ಗು ಕಾಣಿಸಿತು. ನಾಳೆ ಅರಳುತ್ತದೆ ಎಂದು ಮಲಗಿದೆ. ಮುಂಜಾನೆ ಎದ್ದು ಬಂದರೆ ಒಂದು ಗಿಡಕ್ಕೂ ನೆತ್ತಿಯಿಲ್ಲ. ಅತ್ತೆಯವರು ಕೈ ತೊಳೆಯುತ್ತಾ, ನೀ ಇನ್ನೂ ಹೊಸಬಿ, ಮರೆತಿರಬಹುದೆಂದು ನಾನೇ ಮುಗಿಸಿದೆ ಎಂದರು. ನಾನು ತಲೆ ಅಲ್ಲಾಡಿಸಿ ಒಳಗೆ ಹೋಗಿ ಕಣ್ಣೀರು ಹಾಕಿದೆ. ಅತ್ತು, ಅಂದೇ ನಿನಗೆ ಆ ಪತ್ರ ಬರೆದೆ.

ಅದರಲ್ಲಿ ಏನೆಂದು ಬರೆದೆನೋ ನನಗೆ ಬಾಯಿಪಾಠವಿದೆ: “ಎರಡು ತಿಂಗಳಿಂದ ಯಾರಿಗೂ ಹೇಳದೆ ಜೋಪಾನ ಮಾಡಿದ ಕುಡಿಗಳನ್ನು ಅತ್ತೆಯವರು ಒಂದೇ ಮುಂಜಾನೆ ಚಿವುಟಿ ಹಾಕಿದರು.” ಸಾಹಿತ್ಯ ಓದಿದವಳಲ್ಲವೇ, ಗಿಡ ಎಂದು ನೆಟ್ಟಗೆ ಬರೆದಿದ್ದರೆ ಏನು ಗಂಟು ಹೋಗುತ್ತಿತ್ತು? ಮುಂದಿನ ಸಾಲಿನಲ್ಲೇ ಡಬ್ಬಿ, ಮಣ್ಣು, ಹೂವು ಎಲ್ಲ ಇದ್ದವು. ಆದರೆ ಕಾಕಾ ಪುರಾಣ ಓದಿದಂತೆ ರಾಗ ಎಳೆದು ಓದುವವರು. ಆ ಸಾಲಿಗೆ ಬಂದಾಗ ಅವರು ಕನ್ನಡಕ ತೆಗೆದು ಕಣ್ಣೊರೆಸತೊಡಗಿದರಂತೆ, ನೀನು ಕಾಗದ ಕಸಿದುಕೊಂಡು ಎದೆಗೊತ್ತಿಕೊಂಡೆಯಂತೆ. ಕುಡಿಗಳು ಎಂದು ಬರೆದಿದ್ದಾಳೆ, ಬಸಿರಲ್ಲಿ ಅವಳಿಯೇ ಇದ್ದಿರಬೇಕು ಎಂದು ಕಾಕಾ ಬೇರೆ ಹೇಳಿದರಂತೆ. ಭೀಮಸಿ ಅಣ್ಣ ಇದನ್ನು ಹೇಳುವಾಗ ನಿನ್ನ ಅಳಿಯ ನಕ್ಕು ನಕ್ಕು ಉಬ್ಬಸ ಬಂದವರಂತೆ ಆದರು.

ಆದರೆ ಅಣ್ಣ ಬಂದ ದಿನ ನಗುವ ಹಾಗಿರಲಿಲ್ಲ. ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಬಂದ. ಕಣ್ಣು ಕೆಂಪು. ಬಗಲಲ್ಲಿ ನೀನು ಬಾಣಂತಿಗೆ ಕೊಡುವಂತೆ ಕಟ್ಟಿಕೊಟ್ಟ ಅಂಟಿನ ಉಂಡಿಯ ಡಬ್ಬಿ. ಅತ್ತೆಯವರು ಕಾಲಿಗೆ ನೀರು ಕೊಟ್ಟರು, ಮುಟ್ಟಲಿಲ್ಲ. ಬೆಲ್ಲ ತಂದಿಟ್ಟರು, ತಿನ್ನಲಿಲ್ಲ. ನನ್ನ ಕಡೆ ನೋಡಿ ಬಟ್ಟೆ ಕಟ್ಟಿಕೋ ಎಂದ. ಆಮೇಲೆ ಕಟ್ಟೆಯ ಅಂಚಿನಲ್ಲಿ ಕುಳಿತು ಅತ್ತೆಯವರನ್ನು ಕೇಳಿದ:

“ಕುಡಿ ಚಿವುಟಿದ್ರಂತ ತಂಗಿ ಬರದಾಳ. ಖರೆ ಏನ್ರಿ?”

“ಖರೇನ ಐತಪಾ,” ಎಂದರು ಅತ್ತೆಯವರು. “ನಾನ ಚಿವುಟೇನಿ. ಒಂದೂ ಬಿಟ್ಟಿಲ್ಲ.”

“ಹೇಳಾಕ ನಾಚಿಕಿ ಬರೂದಿಲ್ಲೇನ್ರಿ ನಿಮಗ?”

“ನಾಚಿಕಿ ಯಾಕೋ ತಮ್ಮಾ? ನಮ್ಮತ್ತಿ ನನಗ ಕಲಿಸಿದ್ಲು, ನಾ ಈಕಿಗೆ ಕಲಸಾಕತ್ತೇನಿ. ಈಗ ಬಗಲ ಕುಡಿ ಬಂದಾವ, ಅವನ್ನೂ ಇವತ್ತ ತಗದ ಬಿಡ್ತೇನಿ. ನೀನೂ ನೋಡಬಾ.”

ಅಣ್ಣ ಕಂಬ ಹಿಡಿದುಕೊಂಡ. ಅತ್ತೆಯವರು ಸೆರಗು ಸಿಕ್ಕಿಸಿ ಡಬ್ಬಿಗಳ ಕಡೆ ಹೊರಟೇಬಿಟ್ಟರು. ನೆತ್ತಿ ಚಿವುಟಿದ ಗಿಡಗಳಲ್ಲಿ ಪ್ರತಿ ಎಲೆಯ ಸಂದಿಯಿಂದ ಹೊಸ ಕುಡಿ ಬಂದಿತ್ತು, ತುದಿಗೆ ಮೊಗ್ಗು ಕೂಡ. ತಂಬಾಕಿನಲ್ಲಿ ಅದನ್ನೂ ಉಳಿಸುವುದಿಲ್ಲ. ಅವರ ಹೆಬ್ಬೆರಳ ಉಗುರು ಮೊದಲ ಕುಡಿಗೆ ತಾಗಿತ್ತು. ಒಂದು ಕಡೆ ಅಣ್ಣನ ಸಿಟ್ಟು, ಇನ್ನೊಂದು ಕಡೆ ಆ ಉಗುರು. ಇನ್ನು ತಲೆ ಅಲ್ಲಾಡಿಸಿ ಪ್ರಯೋಜನವಿರಲಿಲ್ಲ. ಎಲ್ಲಿಂದ ಬಂತೋ ಧ್ವನಿ, ರುಕ್ಮವ್ವ ತನ್ನ ಅಡಿಗೆಮನೆಯಿಂದ ಹೊರಗೆ ಬರುವಷ್ಟು ದೊಡ್ಡದಾಗಿ ಬಂತು:

“ಅತ್ತಿ, ಬ್ಯಾಡ್ರಿ! ಅದು ತಂಬಾಕ ಅಲ್ರಿ. ಹೂವಿನ ಗಿಡ ಐತ್ರಿ.”

ಅತ್ತೆಯವರ ಕೈ ಅಲ್ಲೇ ನಿಂತಿತು. ಅವರು ಗಿಡದ ಕಡೆಯಲ್ಲ, ನನ್ನ ಕಡೆ ತಿರುಗಿದರು. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದರು. ನೀವು ಖುಷಿಯಾಗಿದ್ದಿರಿ, ಅದಕ್ಕೇ ಎಂದೆ. ಆಮೇಲೆ ಅಣ್ಣನ ಕಡೆ ತಿರುಗಿ, ಹಾಗಾದರೆ ನೀನು ಕೇಳಿದ್ದು ಯಾವ ಕುಡಿ ಎಂದರು. ಅಣ್ಣ ಬಗಲಲ್ಲಿದ್ದ ಉಂಡಿಯ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟ. ಮುಚ್ಚಳ ತೆಗೆದು ಬಾಣಂತಿಯ ಉಂಡಿಯನ್ನು ಮುಟ್ಟಿ ನೋಡಿದಾಗ ಅತ್ತೆಯವರಿಗೆ ಎಲ್ಲ ತಿಳಿಯಿತು. ಅದರ ಪಕ್ಕದಲ್ಲೇ ಕುಳಿತರು.

“ನಾ ಅಂಥಾಕಿ ಅಂತ ತಿಳದ್ರೇನಪಾ?” ಅಂದರು. ಅಷ್ಟೇ.

ಅವ್ವ, ಆ ಮಾತು ಕೇಳಿದ ಮೇಲೆ ಅಣ್ಣ ತಾನಾಗಿಯೇ ಎದ್ದು ಕಾಲು ತೊಳೆದುಕೊಂಡು, ಅವರ ಕಾಲು ಮುಟ್ಟಿ, ಬೆಲ್ಲ ಬಾಯಿಗೆ ಹಾಕಿಕೊಂಡ. ಹೋಳಿಗೆ ಆಮೇಲೆ ಬಂದದ್ದು. ಅದಕ್ಕೆ ಅವನ ಮೇಲೆ ಸಂಶಯ ಪಡಬೇಡ. ಉಂಡಿಯ ಡಬ್ಬಿ ವಾಪಸು ಒಯ್ಯಲು ಹೊರಟರೆ ಅತ್ತೆಯವರು ಬಿಡಲಿಲ್ಲ. ಬೀಗತಿ ಕೈಯಿಂದ ಬಂದದ್ದು, ಇರಲಿ, ಮುಂದೆ ಬೇಕಾಗುತ್ತದೆ ಎಂದು ಮೇಲಿನ ಹಲಗೆಯ ಮೇಲೆ ಇಟ್ಟರು.

ಈಗ ಹೂವಿನ ಮಾತು ಕೇಳು. ನೆತ್ತಿ ಇದ್ದಿದ್ದರೆ ಗಿಡ ಒಂದೇ ಕೋಲಾಗಿ ಬೆಳೆದು ತುದಿಗೆ ನಾಲ್ಕು ಹೂ ಬಿಡುತ್ತಿತ್ತೇನೋ. ಚಿವುಟಿದ್ದರಿಂದ ಪೊದೆಯಾಯಿತು. ಡಬ್ಬಿ ಕಾಣದಂತೆ ಜೋತುಬಿದ್ದಿದೆ. ಇದು ಅತ್ತೆಯವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೂ ಓಣಿಗೆಲ್ಲ ಅವರು, ನಾನು ಚಿವುಟಿದ್ದಕ್ಕೇ ಬಂತು ಎಂದು ಮೊದಲೇ ಯೋಚಿಸಿ ಮಾಡಿದವರಂತೆ ಹೇಳುತ್ತಾರೆ. ನಾನು ಪಕ್ಕದಲ್ಲಿ ನಿಂತು ಹೌದ್ರಿ ಎನ್ನುತ್ತೇನೆ, ಬಾಯಿ ಬಿಟ್ಟು.

ನೇರಳೆ ಬಣ್ಣ ಅವರಿಗೆ ಮಸುಕು ಮಸುಕಾಗಿ ಕಾಣುತ್ತದಂತೆ, ಬಿಳಿಯದು ಮಾತ್ರ ಚೆನ್ನಾಗಿ ಕಾಣುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಸಣ್ಣಗೆ ಕಂಪು ಬರುತ್ತದೆ, ಆಗ ಕಟ್ಟೆ ಬಿಟ್ಟು ಏಳುವುದಿಲ್ಲ. ಒಂದು ದಿನ ನನಗೆ ಮುಡಿಸಲೆಂದು ದಂಡೆ ಕಟ್ಟಿದರು. ಗಂಟು ಹಾಕುವಷ್ಟರಲ್ಲಿ ಹೂವೆಲ್ಲ ತೊಯ್ದ ಕಾಗದದಂತೆ ಮುದ್ದೆಯಾಯಿತು. ಮುಡಿಯಲು ಬಾರದ ಹೂವಿಗೆ ಇಷ್ಟು ಸಡಗರ ಮಾಡಿದ್ದೀಯಲ್ಲ ಎಂದು ಬೈದರು. ಮರುದಿನ ಮುಂಜಾನೆ ನೋಡಿದರೆ ಬಾಡಿದ ಹೂವುಗಳನ್ನು ಒಂದೊಂದಾಗಿ ಉಗುರಿನಿಂದ ಚಿವುಟಿ ಉಡಿಗೆ ಹಾಕಿಕೊಳ್ಳುತ್ತಿದ್ದರು. ಹಾಗೆ ಮಾಡಿದರೆ ಹೊಸ ಹೂವು ಬರುತ್ತಲೇ ಇರುತ್ತದೆ ಎಂದು ಪೊಟ್ಟಣದ ಹಿಂದೆ ಬರೆದದ್ದನ್ನು ನಾನೇ ಓದಿ ಹೇಳಿದ್ದೆ. ಅಂತೂ ಆ ಉಗುರಿಗೆ ದಿನಾ ಕೆಲಸ ಸಿಕ್ಕಿತು.

ಈಗೀಗ ನೀರು ಹಾಕುವುದೂ ಅವರೇ. ನನಗೆ ಝಾರಿ ಮುಟ್ಟಗೊಡುವುದಿಲ್ಲ. ನಿನ್ನ ಅಳಿಯನ ಅಂಗಿಯ ತಂಬಾಕಿನ ವಾಸನೆ ನನಗೆ ತಲೆ ತಿರುಗಿಸುತ್ತದೆಂದು, ವಖಾರಿಯಿಂದ ಬಂದ ಕೂಡಲೇ ಅಂಗಿಯನ್ನು ಹೊರಗಿನ ಗೂಟಕ್ಕೆ ಹಾಕಿಸುತ್ತಾರೆ. ಹುಟ್ಟಿನಿಂದ ಆ ವಾಸನೆಯಲ್ಲೇ ಬೆಳೆದ ಮನೆ, ಒಬ್ಬ ಸೊಸೆಗಾಗಿ ಅಂಗಿ ಹೊರಗೆ. ಇಂಥವರ ಮನೆಗೆ ನೀನು ಹಿರಿಯರನ್ನು ಕರೆತರುತ್ತೀಯಾ?

ಬಾ ಅವ್ವ, ಖಂಡಿತ ಬಾ. ಜೀಪು ಬೇಡ, ಹಿರಿಯರು ಬೇಡ. ಕಾಕಾನನ್ನು ಬೇಕಾದರೆ ಕರೆದುಕೊಂಡು ಬಾ, ಆ ಅವಳಿ ಕುಡಿಗಳನ್ನು ಅವರೂ ನೋಡಲಿ. ಎಳ್ಳು ಬೆಲ್ಲ ಕೊಟ್ಟು ಹೋಗುವ ನೆಪ ಸಾಕು. ನಂಬಿಕೆಗೆ ಈ ಪತ್ರದೊಳಗೆ ಒಂದು ನೇರಳೆ, ಒಂದು ಬಿಳಿ ಹೂವನ್ನು ಒತ್ತಿ ಇಟ್ಟಿದ್ದೇನೆ. ಬಿಳಿಯದನ್ನು ಅತ್ತೆಯವರೇ ಆರಿಸಿಕೊಟ್ಟರು.

ಇನ್ನು ಮೇಲೆ ಗಿಡಕ್ಕೆ ಗಿಡ ಎಂದೇ ಬರೆಯುವ,

ನಿನ್ನ ಮಗಳು,
ನೀಲಾಂಬಿಕಾ

ತಾ.ಕ.: ಕಾಕಾ, ಇದೊಂದನ್ನು ರಾಗ ಎಳೆಯದೆ, ಅವ್ವನ ಕಿವಿಯಲ್ಲಿ ಮಾತ್ರ ಓದಿರಿ. ಅವ್ವ, ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ಅತ್ತೆಯವರ ತಾಕೀತು. ಆದರೆ ನಿನ್ನೆ ಮೇಲಿನ ಹಲಗೆಯಿಂದ ಉಂಡಿಯ ಡಬ್ಬಿ ಇಳಿಸಿದವರೂ ಅವರೇ, ಬೀಗತಿಗೆ ಬರೆ ಎಂದವರೂ ಅವರೇ. ಈ ಸಲ ಕುಡಿ ಎಂದು ಬರೆದರೆ ನೀನು ಮೊದಲು ತಿಳಿದುಕೊಂಡ ಅರ್ಥವೇ ಸರಿ. ‘ಗಳು’ ಸೇರಿಸಬೇಕೋ ಬೇಡವೋ ಎಂಬುದು ಮಾತ್ರ ಇನ್ನೂ ತಿಳಿಯದು.