ಅಪ್ಪನ ಮೂಗು, ಅಪ್ಪನ ಕಿಡ್ನಿ

ಮಂಗಳವಾರ, ರಾತ್ರಿ ಎರಡು ಗಂಟೆ

ಪ್ರೀತಿಯ ಅಕ್ಕನಿಗೆ,

ಫ್ರಿಜ್ಜು ಗುರ್ ಎಂದು ಶುರುವಾದ ಸದ್ದಿಗೆ ಎಚ್ಚರವಾಯಿತು. ಪಾಪು ಅತ್ತಳೆಂದು ಧಡಕ್ಕನೆ ಎದ್ದರೆ ಅವಳು ಬಾಯಿ ತೆರೆದುಕೊಂಡು ಹಾಯಾಗಿ ಮಲಗಿದ್ದಾಳೆ. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ದೀಪ ಹಾಕಿಕೊಂಡು ಕೂತಿದ್ದೇನೆ. ಇಷ್ಟು ದಿನ ಬರೆಯಲಿಲ್ಲವೆಂದು ಬೈಯಬೇಡ. ಡಯಾಲಿಸಿಸ್ ಆದ ದಿನ ಮೈ ಏಳುವುದಿಲ್ಲ, ಇಲ್ಲದ ದಿನ ಪಾಪು ಬಿಡುವುದಿಲ್ಲ. ನೀನು ಪ್ರೆಸ್ಸಿನಲ್ಲಿ ರಾತ್ರಿ ಪಾಳಿಯಲ್ಲಿರುತ್ತೀ, ಫೋನು ಲಾಕರಿನಲ್ಲಿರುತ್ತದೆ, ಗೊತ್ತು. ಈ ಹಾಳೆಗಳ ಫೋಟೋ ಕಳಿಸುತ್ತೇನೆ. ಹೊರಬಂದ ಕೂಡಲೇ ಓದು.

ಇವರ ಕಿಡ್ನಿ ನನಗೆ ಆಗುವುದಿಲ್ಲವಂತೆ. ರಕ್ತದ ಗುಂಪು ಹೊಂದುತ್ತದೆ, ಲಿಫ್ಟ್ ರಿಪೇರಿ ಮಾಡಿಕೊಂಡು ಮಹಡಿ ಮಹಡಿ ಹತ್ತಿಳಿಯುವ ಗಟ್ಟಿ ಆಳು, ಎಲ್ಲ ಸರಿ. ಆದರೆ ಕೊನೆಯ ಪರೀಕ್ಷೆಯಲ್ಲಿ ಇಬ್ಬರ ರಕ್ತ ಕೂಡಿಸಿದಾಗ ನನ್ನದು ಇವರದರ ಮೇಲೆ ಜಗಳಕ್ಕೆ ಬಿತ್ತು. ಕಾರಣ ಪಾಪು. ಅವಳು ಹೊಟ್ಟೆಯಲ್ಲಿದ್ದಾಗ ಅವಳಲ್ಲಿದ್ದ ಅಪ್ಪನ ಅಂಶವನ್ನು ನನ್ನ ಮೈ ಹೊರಗಿನವರದೆಂದು ಗುರುತಿಟ್ಟುಕೊಂಡಿದೆ. ಹೆತ್ತ ಎಷ್ಟೋ ಹೆಂಗಸರಲ್ಲಿ ಹೀಗಾಗುತ್ತದಂತೆ. ಕಿಡ್ನಿ ಬೇಕಾಗುವ ತನಕ ಯಾರಿಗೂ ತಿಳಿಯುವುದಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆ ಇವರು, "ನೀನು ಜಗಳ ಆಡ್ತೀಯ ಅಂತ ಗೊತ್ತಿತ್ತು ಮಾರಾಯ್ತಿ, ನಿನ್ನ ರಕ್ತಾನೂ ಆಡುತ್ತೆ ಅಂತ ಯಾರೂ ಹೇಳಿರ್ಲಿಲ್ಲ" ಅಂದರು. ನಗಿಸಲೆಂದೇ ಅಂದದ್ದು. ಆಮೇಲೆ ತಾವೇ ಸೈಕಲ್ ಸ್ಟ್ಯಾಂಡಿನ ಕಡೆ ಮುಖ ತಿರುಗಿಸಿಕೊಂಡರು.

ಆ ಜಗಳ ಇಳಿಸುವ ಒಂದು ಔಷಧಿ ಇದೆಯಂತೆ. ಬೆಳಗಾದರೆ ಎಂಟಕ್ಕೆ ಆಸ್ಪತ್ರೆಯಲ್ಲಿ ನನಗೆ ಹಾಸಿಗೆ ಇಟ್ಟಿದ್ದಾರೆ. ತೆಗೆದುಕೊಂಡರೆ ಪಾಪುವಿಗೆ ಹಾಲು ಕುಡಿಸುವುದು ನಿಲ್ಲಿಸಬೇಕು, ಆಗಿನಿಂದಲೇ. ಪಾಪು ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ. ಡಾಕ್ಟರಮ್ಮನನ್ನು ಕೇಳಿದೆ, ನನ್ನಂಥವರಿಗೆ ಇದು ಎಷ್ಟು ಕೆಲಸ ಮಾಡುತ್ತದೆ ಎಂದು.

"ಈ ಔಷಧಿಯ ಅಧ್ಯಯನದಲ್ಲಿ ಇದ್ದವರು ಹೆಚ್ಚಿನವರು ಗಂಡಸರೇ ಅಮ್ಮ."

"ಹೆಂಗಸರು ಇರ್ಲೇ ಇಲ್ವಾ?"

"ಇದ್ರು, ಸ್ವಲ್ಪ ಜನ. ಅವರಲ್ಲಿ ಹೆತ್ತವರು ಎಷ್ಟು, ಅವರಿಗೆ ಏನಾಯ್ತು ಅಂತ ಬೇರೆ ಮಾಡಿ ಬರೆದಿಲ್ಲ. ಬಸುರಿ ಆಗಬಹುದಾದವರನ್ನ, ಹಾಲು ಕುಡಿಸೋರನ್ನ ಸೇರಿಸಿಕೊಳ್ಳಲಿಲ್ಲ. ಅವರ ರಕ್ಷಣೆಗೆ."

"ಆದ್ರೆ ಈ ತೊಂದರೆ ಬರೋದು ಹೆತ್ತವರಿಗೇ ಅಲ್ವಾ ಮೇಡಂ?"

ಆಕೆ ಪೆನ್ನಿನ ಕ್ಯಾಪು ಹಾಕಿದರು, ತೆಗೆದರು. "ನಾನೂ ಹುಡುಕ್ದೆ. ನಿಮಗೆ ಹೇಳೋಕೆ ನನ್ನ ಹತ್ರ ಏನೂ ಸಿಕ್ಕಲಿಲ್ಲ. ಸುಳ್ಳು ಧೈರ್ಯ ಹೇಳಲ್ಲ."

ಸುಳ್ಳೇ ಹೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು, ನೋಡು. ಕೆಲಸ ಮಾಡದೇ ಹೋದರೆ ಹಾಲೂ ಹೋಯಿತು, ಕಿಡ್ನಿಯೂ ಇಲ್ಲ. ಬೇಡವೆಂದರೆ ಯಾರೋ ಗುರುತಿಲ್ಲದವರ ಕಿಡ್ನಿಗೆ ಕಾಯಬೇಕು. ಈ ರಕ್ತಕ್ಕೆ ಹೊಂದುವಂಥದ್ದು ಸಿಗುವ ತನಕ ನಾನಿರಬೇಕಲ್ಲ. ನೀನು ಕೊಡುತ್ತೇನೆಂದು ಬಂದವಳನ್ನು ಸಕ್ಕರೆ ಕಾಯಿಲೆಯೆಂದು ಬಾಗಿಲಲ್ಲೇ ವಾಪಸು ಕಳಿಸಿದರು. ಒಂದು ಗಳಿಗೆ ಹೂಂ ಅನ್ನೋಣ ಅನ್ನಿಸುತ್ತದೆ, ಮರುಗಳಿಗೆ ಊಹೂಂ. ಇವರನ್ನು ಕೇಳಿದರೆ "ನಿನ್ನ ಮೈ, ನಿನ್ನಿಷ್ಟ" ಅನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ನನಗೀಗ ಯಾರಾದರೂ ಗದರಿಸಿ ಹೀಗೆ ಮಾಡು ಅನ್ನಬೇಕು.

ಅತ್ತೆಗೆ ಇವರು ಬಿಡಿಸಿ ಹೇಳಿದರು. ಅತ್ತೆ ಪಾಪುವಿನ ತಲೆ ಒರೆಸುತ್ತ ಕೂತಿದ್ದರು. "ಅಪ್ಪನ ಮೂಗು ತಂದಿದಾಳೆ ಅಂತ ಖುಷಿಪಟ್ಟೆ. ಅಪ್ಪನ ಮೇಲೆ ಹಗೇನೂ ತಂದುಬಿಟ್ಳಾ ನನ್ ಬಂಗಾರ?" ಅಂದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಆಮೇಲೆ ನನಗೆ ಗಂಜಿ ತಂದುಕೊಟ್ಟರು. ಆದರೂ ಆ ಮಾತು ಮನೆಯಲ್ಲೇ ಓಡಾಡಿಕೊಂಡಿದೆ. ಪಾಪುವಿಗೆ ಮಾತು ತಿಳಿಯುವ ವಯಸ್ಸಿಗೂ ಅದು ಇಲ್ಲೇ ಇದ್ದರೆ?

ಭಾವನಿಗೆ ನಮಸ್ಕಾರ ಹೇಳು. ನಿನ್ನ ಕಾಲಿನ ಗಾಯ ಒಣಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಚಿಕ್ಕಿ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದೆಂದಿದ್ದೆ. ಸಂಜೆ ಹಾಲು ಕುಡಿಯುತ್ತ ಪಾಪು ಕಚ್ಚಿದಳು. ಕೆನ್ನೆ ಹಿಡಿದು ಬಿಡಿಸಿ, "ಎಲ್ಲಾ ನಿನ್ನಿಂದಲೇ ಆಗಿದ್ದು" ಅಂದೆ. ಮೆಲ್ಲಗೇ ಅಂದೆ, ಯಾರಿಗೂ ಕೇಳಿಸಲಿಲ್ಲ. ಅತ್ತೆಯ ಮಾತಿಗೆ ನೊಂದುಕೊಂಡವಳು ನಾನೇ. ಅವಳು ಇರುವ ಎರಡು ಹಲ್ಲು ತೋರಿಸಿ ನಕ್ಕು, ಮತ್ತೆ ಬಾಯಿ ಹಾಕಿದಳು. ಬೆಳಗಿನ ಜಾವ ಹಾಲಿಗೆ ಏಳುತ್ತಾಳೆ. ಅದು ಕೊನೆಯ ಹಾಲೋ ಅಲ್ಲವೋ ಗೊತ್ತಿಲ್ಲದೆ ಹೇಗೆ ಕುಡಿಸಲಿ? ಅವಳು ಏಳುವ ಮುಂಚೆ ಫೋನ್ ಮಾಡು ಅಕ್ಕ. ಬೈದರೂ ಪರವಾಗಿಲ್ಲ. ಫೋನು ಮಡಿಲಲ್ಲೇ ಇಟ್ಟುಕೊಂಡಿದ್ದೇನೆ, ಮಾಡು.