ವಿಭೂತಿ ಡಬ್ಬದ ಪೆನ್‌ಡ್ರೈವು

ಗುಂಡ್ಲುಪೇಟೆ
೧೨-೯-೨೦೨೫, ಶುಕ್ರವಾರ

ಮಗ ಸೋಮೇಶನಿಗೆ, ನಿನ್ನ ಅವ್ವ ತಲೆ ಮುಟ್ಟಿ ಹರಸೋದು.

ಹೆಂಗಿದ್ದೀಯ ಕಂದ? ಗಡಿಯಾಚೆ ಆ ಬತ್ತೇರಿಯಲ್ಲಿ ಮಳೆ ಬುಟ್ಟದಾ, ಇಲ್ವಾ? ಮಳೆಗಾಲ ಬಂತೆಂದರೆ ನಿನಗೆ ಎದೆ ಕಟ್ಟುತ್ತಿತ್ತು, ಅಲ್ಲಿ ಬಿಸಿನೀರು ಕಾಯಿಸಿಕೊಡೋರು ಯಾರಿದ್ದಾರೆ? ಬಸ್ಸಿನ ಕಂಡಕ್ಟರ್ ಕೈಲಿ ರಾಗಿ ಹಿಟ್ಟು ಕಳಿಸಿದ್ದೆ. ಸಿಕ್ತು ಅಂತ ಒಂದು ಮಾತು ಹೇಳೋಕೆ ನಿನ್ನ ಬಾಯಿಗೆ ಏನಾಗಿತ್ತೋ ಕಾಣೆ. ನನಗೆ ಮಂಡಿನೋವು ಒಂದು ಬಿಟ್ಟರೆ ಬೇರೇನಿಲ್ಲ. ನಿಮ್ಮಕ್ಕ ಸುಧಾಮಣಿ ಬೀಜದಂಗಡಿ ನೋಡಿಕೊಳ್ತಾಳೆ, ಜೊತೆಗೆ ನನ್ನನ್ನೂ ಬೈಕೊಂಡು ನೋಡಿಕೊಳ್ತಾಳೆ. ಫೋನ್ ಮಾಡಿದರೆ ನೀನು ಹ್ಞೂಂ ಹ್ಞೂಂ ಅಂದು ಇಟ್ಟುಬುಡ್ತೀಯ. ಮೇಲ್ ಅಂದರೆ ಈಗ ನನಗೇ ಮೈ ಜುಂ ಅಂತದೆ. ಅದಕ್ಕೇ ಈ ಕಾಗದ.

ಹೋದ ಕಾರ್ತಿಕದಲ್ಲಿ ನಿಮ್ಮಪ್ಪನ ಮಣ್ಣಿಗೆ ಬಂದೆ, ಹಿಡಿ ಮಣ್ಣು ಹಾಕಿದೆ, ನನ್ನ ಮುಖ ಕೂಡ ನೋಡದೆ ಸಂಜೆ ಬಸ್ಸಿಗೆ ಹೊರಟುಬುಟ್ಟೆ. ಅವತ್ತಿಂದ ನನ್ನ ಎದೇಲಿ ಒಂದೇ ಮಾತು ಕೊರೀತಾ ಅದೆ. ಆವಯ್ಯ ನಿನ್ನ ಮೇಲೆ ಕೋಪ ಇಟ್ಕಂಡೇ ಹೋದ್ರಾ? ಚೆಂಡು ಹೂವಿನ ಬೀಜ ಮೊಳೀಲಿಲ್ಲ ಅಂತ ಉಮ್ಮತ್ತೂರಿನವರು ಅಂಗಡಿ ಮುಂದೆ ಬಂದು ಕೂತಾಗ, ಇವರು ಅಷ್ಟು ಜನದ ಎದುರಿಗೆ ನಿನ್ನ ಕಡೆ ಕೈ ತೋರಿಸಿ 'ತಂದವ್ನು ಇವ್ನೇಯ, ಇನ್ನು ಇವ್ನು ಈ ಅಂಗಡಿ ಮೆಟ್ಲು ಅತ್ತಂಗಿಲ್ಲ' ಅಂದರಲ್ಲ, ಅದೇ ಕಡೇ ಮಾತಾಗಿ ಹೋಯ್ತಾ? ಆಸ್ಪತ್ರೇಲಿ ಮಲಗಿದ್ದಾಗ ನನ್ನ ಕೈ ಹಿಡಿದು 'ಸೋಮೇಸಂಗೆ ಮೇಲ್ ಆಕಿವ್ನಿ ಕಣಮ್ಮಿ, ಉತ್ರ ಬಂತಾ ನೋಡು' ಅಂತಿದ್ದರು. ಬೆಳಗಾದರೆ ಅದೇ, ಉತ್ರ ಬಂತಾ. ನಾನು ಅಂಗಡಿಗೆ ಫೋನ್ ಮಾಡಿ ಲೆಕ್ಕದ ಶಿವಮಲ್ಲುನ ಕೇಳೋದು, ಅವನು ಇಲ್ಲ ಕಣಕ್ಕ ಅನ್ನೋದು, ನಾನು ಇವರ ಮುಂದೆ ತಲೆ ಬಗ್ಗಿಸೋದು. ನಿನ್ನ ಮನಸು ಕಲ್ಲು ಅಂದುಕೊಂಡಿದ್ದೆ ಮಗ. ಆದರೆ ಅವರು ಏನು ಬರೆದಿದ್ದರು, ಬೈದಿದ್ದರೋ ಕರೆದಿದ್ದರೋ, ಅದು ಮಾತ್ರ ಗೊತ್ತಾಗಲಿಲ್ಲ. ಕೇಳೋಣ ಅನ್ನೋಷ್ಟರಲ್ಲಿ ಮಾತು ನಿಂತುಹೋಯ್ತು.

ತಿಥಿ ಆದ ಮೇಲೆ ನೋಡೋಣ ಅಂತ ಶಿವಮಲ್ಲುನ ಜೊತೆ ಕಂಪ್ಯೂಟರ್ ಮುಂದೆ ಕೂತರೆ ಪೆಟ್ಟಿಗೆ ಖಾಲಿ. ಏನಾಗಿತ್ತು ಗೊತ್ತಾ? ಕುದೇರಿನಿಂದ ಬಂದಿದ್ದ ನಿಮ್ಮ ಸೋದರತ್ತೆ ಗುರುಮಲ್ಲಮ್ಮ, ತಿಥಿಯ ಗಣಾರಾಧನೆ ಊಟಕ್ಕೆ ಮುಂಚೆ ಸೆರಗು ಕಟ್ಟಿ ನಿಂತು, ಅವರ ಪಂಚೆ, ಚಾಪೆ, ಚಪ್ಪಲಿ ಎಲ್ಲಾ ಮನೆಯಿಂದ ಆಚೆ ಹಾಕಿಸಿದರಲ್ಲ. 'ಅವ್ನ ಎಸ್ರಿಂದು ಒಂದೂ ಉಳೀಬಾರ್ದು, ಜೀವ ಎಳೀತದೆ' ಅಂತ ಅಂಗಡಿಯವರಿಗೂ ಕೂಗಿ ಹೇಳಿದರು. ಶಿವಮಲ್ಲು ಮಾತು ಮೀರೋನಲ್ಲ. ಮೇಲ್‌ನಲ್ಲಿ ನಿಮ್ಮಪ್ಪನ ಹೆಸರಿನ ಕೆಳಗಿದ್ದ ಫೋಲ್ಡರುಗಳನ್ನೆಲ್ಲ ಅಳಿಸಿ, ಕಸದ ಬುಟ್ಟೀನೂ ಬರಿದು ಮಾಡಿ, ಕೈಕಾಲು ತೊಳೆದುಕೊಂಡು ಊಟಕ್ಕೆ ಬಂದಿದ್ದ. ಅವನನ್ನ ಏನು ಬೈಯಲಿ? 'ಅತ್ತೆಮ್ಮಾರು ಯೋಳುದ್ರು ಕಣಕ್ಕ' ಅಂತ ಗೊಳೋ ಅಂತ ಅತ್ತ.

ಈಗ ಪಿತೃಪಕ್ಷ ಬಂದಿದೆಯಲ್ಲ, ಮೊದಲನೇ ವರ್ಷದ ಎಡೆ. ನಾನು ದೇವರ ಗೂಡು ತೊಳೆಯೋಕೆ ವಿಭೂತಿ ಡಬ್ಬ ಇಳಿಸಿದರೆ ಗಟ್ಟಿ ಜೊತೆ ಏನೋ ಕಟಕಟ ಅಂತು. ತಳದಲ್ಲಿ ಹೆಬ್ಬೆರಳಿನಷ್ಟು ಪೆನ್‌ಡ್ರೈವು, ವಿಭೂತಿ ಮೆತ್ತಿ ಬೆಳ್ಳಗಾಗಿತ್ತು, ಮೇಲೊಂದು ಕುಂಕುಮದ ಬೊಟ್ಟು. ಆಗ ನೆನಪಾಯ್ತು ನೋಡು. ನಿಮ್ಮಪ್ಪ ಅಮಾಸೆ ಅಮಾಸೆಗೂ ಅಂಗಡಿಗೆ ಕುಂಬಳಕಾಯಿ ಒಡೆದು, ಊದುಕಡ್ಡಿ ಹಚ್ಚಿ, ಮೇಲನ್ನೆಲ್ಲ ಅದಕ್ಕೆ ತುಂಬಿಸಿ ಮಂಗಳಾರತಿ ತೋರಿಸುತ್ತಿದ್ದರು. ನೀನು ಬಾಯಿಗೆ ಟವಲ್ ಇಟ್ಟು ನಗುತ್ತಿದ್ದೆ. ಬೇರೆ ಎಲ್ಲಾ ಸಾಮಾನು ಆಚೆ ಹಾಕಿಸಿದ ಗುರುಮಲ್ಲಮ್ಮನಿಗೆ ದೇವರ ಗೂಡಿಗೆ ಕೈ ಹಾಕೋ ಧೈರ್ಯ ಬರಲಿಲ್ಲ, ಸದ್ಯ.

ಚಾಮರಾಜನಗರದಿಂದ ಸುನೀಲ್ ಕುಮಾರ್ ಅಂತ ಕಂಪ್ಯೂಟರ್ ರಿಪೇರಿಯವನನ್ನ ಸುಧಾಮಣಿ ಹೋದ ಶನಿವಾರ ಕರೆಸಿದಳು. ಅವನು ಬಟ್ಟೆಯಿಂದ ಒರೆಸಿ ಅಂಗಡಿ ಕಂಪ್ಯೂಟರಿಗೆ ಚುಚ್ಚಿದ. ಆಹಾ, ಏನಂತ ಹೇಳಲಿ! ದೀಪಾವಳಿ ಅಮಾಸೆಯವರೆಗಿನದೆಲ್ಲ ಒಂದೊಂದೇ ಮೂಡಿಕೊಂಡು ಬಂತು. ಬೀಜದ ಕಂಪನಿ, ಗೊಬ್ಬರದವರು, ಹರದನಹಳ್ಳಿಯ ಸ್ನೇಹಿತ ಗೋವಿಂದಯ್ಯ, ನೀನು. ಒಬ್ಬೊಬ್ಬರಿಗೆ ಒಂದೊಂದು ಫೋಲ್ಡರು, ಅವರ ಅಕ್ಷರ ತಪ್ಪುಗಳ ಸಮೇತ. ನನಗೆ ಅವರೇ ಹಿಂದೆ ನಿಂತು ಉಸಿರಾಡಿದ ಹಾಗಾಯ್ತು. ತಿರುಗಿ ನೋಡಿದೆ ಕಣೋ, ಸುಳ್ಳು ಯಾಕೆ ಹೇಳಲಿ. ಅವರ ಕುರ್ಚಿ ಖಾಲಿ ಇತ್ತು.

ಅಷ್ಟರಲ್ಲಿ ಸುನೀಲ್ ಕುಮಾರ್ ನೆಟ್ಟು ಜೋಡಿಸಿಬುಟ್ಟ. ಸೊಂಯ್, ಸೊಂಯ್ ಅಂತ ಸದ್ದು. 'ಅಯ್ಯೋ, ಓಯ್ತಾ ಅವೆ, ಓಯ್ತಾ ಅವೆ' ಅಂತ ವೈರು ಕಿತ್ತ, ಆದರೆ ಕೆಲಸ ಮುಗಿದಿತ್ತು. ನಿಮ್ಮಪ್ಪ ಕಳಿಸಿದ್ದೀನಿ ಅಂದುಕೊಂಡಿದ್ದ ಮೇಲುಗಳು ಆಗ ಹೋಗಿರಲೇ ಇಲ್ಲವಂತೆ. ಮುಂದೆ ಒಂದು ಭಾರಿ ಮೇಲು ನಿಂತುಬುಟ್ಟಿತ್ತು. ಅವರ ಹಳೇ ನೆಟ್ಟಿಗೆ ಅದನ್ನ ಎಳೆಯೋ ಶಕ್ತಿ ಇರಲಿಲ್ಲ. ರಾತ್ರಿ ಬಂಡೀಪುರದ ಗೇಟು ಹಾಕಿದಾಗ ಲಾರಿಗಳು ಸಾಲಾಗಿ ನಿಲ್ಲಲ್ವಾ, ಹಂಗೆ ಅದರ ಹಿಂದೆ ಎಲ್ಲವೂ ನಿಂತಿದ್ದವು. ಕಂಪನಿಯವರು ಆರ್ಡರ್ ಬಂದಿಲ್ಲ ಅಂದಾಗೆಲ್ಲ ಇವರು ಫೋನಲ್ಲಿ 'ಕಣ್ಣು ಮುಚ್ಕಂಡು ಕುಂತಿದ್ದೀರೇನ್ರೀ' ಅಂತ ಹಾರಾಡುತ್ತಿದ್ದುದು ಇದಕ್ಕೇ. ಸುಧಾಮಣಿ ಈಗ ಹೊಸ ವೈರಿನ ನೆಟ್ಟು ಹಾಕಿಸಿದ್ದಾಳೆ. ಗೇಟು ತೆಗೆದುಕೊಂಡಿತು.

ಮಣ್ಣಾದ ಮನುಷ್ಯನಿಂದ ಮೇಲು ಬಂದರೆ ಜನ ಏನಾಗಬೇಡ ಹೇಳು. ಕಂಪನಿಯವರು ಹೋದ ವರ್ಷದ ಆರ್ಡರಿಗೆ 'ಸರಕು ಹೊರಟಿದೆ ಸ್ವಾಮಿ' ಅಂತ ಉತ್ತರ ಹಾಕಿದರು, ಸುಧಾಮಣಿ ತಲೆ ತಲೆ ಚಚ್ಚಿಕೊಂಡಳು. ಗೋವಿಂದಯ್ಯನಿಗೆ ಹೋದದ್ದು 'ಸೋಮವಾರ ಬತ್ತೀನಿ, ಮನೇಲಿರು' ಅಂತ. ಅವರ ಮೊಮ್ಮಗಳು ಪ್ರಿಯಾಂಕ ಮೊಬೈಲಲ್ಲಿ ನೋಡಿ ಕಿಟಾರನೆ ಕಿರುಚಿದಳಂತೆ. ಹಳೇದು, ಈಗ ಹೋಗಿದೆ ಅಂತ ನಾನು ಫೋನಲ್ಲಿ ಬಿಡಿಸಿ ಹೇಳಿದೆ. ಆ ಮುದುಕ ಕೇಳಲಿಲ್ಲ. ಸೋಮವಾರ ಬೆಳಗ್ಗೆ ಮಿಂದು, ಜಗಲಿ ಮೇಲೆ ಎರಡು ಕುರ್ಚಿ ಹಾಕಿ, ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕತ್ತಲಾಗೋವರೆಗೆ ಕೂತಿದ್ದರಂತೆ. 'ಬಂದ್ರೆ ಬರ್ಲಿ ಬುಡವ್ವ, ಕಾಯೋಕೇನ್ ಕಾಸು ಕೊಡ್ಬೇಕಾ' ಅಂದರು. ನನಗೆ ನಗು ಬಂತು, ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಸುನೀಲ್ ಕುಮಾರ್ ಎಲ್ಲವನ್ನೂ ಇನ್ನೆರಡು ಕಡೆ ನಕಲು ಮಾಡಿಕೊಟ್ಟಿದ್ದಾನೆ. ಒಂದು ಸುಧಾಮಣಿ ಬೀರುವಿನಲ್ಲಿ, ಒಂದು ಅವನು ಹೇಳಿದ ಯಾವುದೋ ನೆಟ್ಟಿನೊಳಗೆ. ಪೆನ್‌ಡ್ರೈವು ಮಾತ್ರ ಮತ್ತೆ ವಿಭೂತಿ ಡಬ್ಬಕ್ಕೇ ಹೋಯ್ತು. ಗುರುಮಲ್ಲಮ್ಮ ಸುದ್ದಿ ಕೇಳಿ 'ನಾ ಆಗ್ಲೇ ಯೋಳ್ಲಿಲ್ವಾ, ಎಳೀತದೆ ಅಂತ' ಅಂದರು. ಎಳೆದರೆ ಎಳೆಯಲಿ ಅಂದುಬುಟ್ಟೆ.

ಮಾದಪ್ಪ ನಿನ್ನ ಎದೆ ಬೆಚ್ಚಗಿಟ್ಟಿರಲಿ. ನೆನೆಯಬೇಡ, ಹೊತ್ತಿಗೆ ಸರಿಯಾಗಿ ಉಣ್ಣು. ಸುಧಾಮಣಿ ಕೇಳಿದಳು ಅಂತ ತಿಳಿ.

ನಿನ್ನ ಹೆತ್ತವ್ವ
ಪುಟ್ಟಬಸಮ್ಮ

ಮರೆತೆ ಅಂದರೆ ಸುಳ್ಳು, ಬರೆಯೋಕೆ ಕೈ ಬರಲಿಲ್ಲ. ಶಿವಮಲ್ಲು ಅಂಚೆಗೆ ಹಾಕೋಕೆ ಬಾಗಿಲಲ್ಲಿ ನಿಂತವನೆ. ಆ ಮುಂದೆ ನಿಂತಿದ್ದ ಭಾರಿ ಮೇಲು ಅವರು ನಿನಗೆ ಹಾಕಿದ್ದೇ ಕಣೋ. ಅದು ನಿನಗೆ ತಲುಪಿರಲೇ ಇಲ್ಲ. ನೀನು ಉತ್ತರ ಕೊಡಲಿಲ್ಲ ಅಂತ ಅವರು, ಅಪ್ಪ ಒಂದಕ್ಷರ ಬರೆಯಲಿಲ್ಲ ಅಂತ ನೀನು. ಒಳಗೆ ವಿಡಿಯೋ ಅದೆ. ಮಳೆ ತಡವಾಗಿ ಬಿದ್ದು ಉಮ್ಮತ್ತೂರಿನ ಹೊಲವೆಲ್ಲ ಚೆಂಡು ಹೂವಾಗಿತ್ತು, ಅದರ ನಡುವೆ ನಿಂತು ಹಿಡಿದವರೆ. ಮುಖ ಕಾಣಲ್ಲ, ದನಿ ಅಷ್ಟೇ. 'ನೋಡ್ಲಾ ಸೋಮೇಸ, ನೀ ತಂದ ಬೀಜ್ವೇಯ. ತೆಪ್ಪು ನಂದು. ಬಂದ್ಬುಡ್ಲಾ' ಅಂತಾರೆ. ಶನಿವಾರವೇ ನಿನ್ನ ಮೇಲಿಗೆ ಬಂದಿರ್ತದೆ. ಅವರ ಹೆಸರು ನೋಡಿ ಹೆದರಿಕೊಂಡು ಅಳಿಸಿಬುಟ್ಟೀಯ, ಜೋಕೆ. ತೆಗೆದು ಕೇಳು. ಅಮಾಸೆ ದಿನ ಎಡೆ ಮುಂದೆ ನಿಂತು ಉತ್ತರ ನೀನೇ ಹೇಳು ಬಾ. ಅಂಗಡೀಲಿ ನಾನೊಬ್ಬಳೇ ಇದ್ದಾಗ ಆ ಕುರ್ಚಿ ಕಡೆಯಿಂದ ಈಗಲೂ 'ಉತ್ರ ಬಂತಾ' ಅಂತ ಕೇಳ್ತದೆ. ಇನ್ನೂ ಇಲ್ಲ ಅನ್ನೋಕೆ ನನ್ನ ಕೈಲಿ ಆಯ್ತಾ ಇಲ್ಲ ಮಗ.